ಒಂಬತ್ತು ಇಂಚಿನ ಗೋಡೆ

ಅಣ್ಣ ತೀರಿಕೊಂಡು ನಲವತ್ತು ದಿನ ಕಳೆದ ಮೇಲೆ ಮ್ಯೂಸಿಯಂನ ಗುಮಾಸ್ತರು ನನ್ನ ಕೋಣೆಗೆ ಬಂದರು. ನಾನಿರುವುದು ಪುಸ್ತಕಗಳಿಗೆ ರಟ್ಟು ಹಾಕುವವನ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಗುಮಾಸ್ತರದು ಭಾರಿ ಶರೀರ. ಕೊನೆಯ ಮೆಟ್ಟಿಲಲ್ಲಿ ನಿಂತು ಉಸಿರು ಸುಧಾರಿಸಿಕೊಂಡು ಒಳಗೆ ಬಂದರು. ಕಂಕುಳಲ್ಲಿದ್ದ ಹಸಿರು ಕಡತವನ್ನು ಮೇಜಿನ ಮೇಲಿಟ್ಟರು. ಒಂಬತ್ತು ವರ್ಷದಿಂದ ಆ ಕಡತ ವರ್ಷಕ್ಕೊಮ್ಮೆ ಈ ಮೆಟ್ಟಿಲು ಹತ್ತಿ, ನನ್ನ ಸಹಿ ಇಲ್ಲದೆ ಇಳಿದು ಹೋಗಿತ್ತು.

"ಈ ಸಲ ಬೇಗ ಬಂದಿರಲ್ಲ. ಇನ್ನೂ ನಾಲ್ಕು ತಿಂಗಳಿದೆ," ಎಂದೆ.

"ಪ್ರತಿಸಲ ಸಹಿ ಕೇಳೋಕೆ ಬರ್ತಿದ್ದೆ ಯಜಮಾನ್ರೆ. ಈ ಸಲ ತೋರಿಸೋಕೆ ಬಂದೆ. ಹಿರೀ ಯಜಮಾನ್ರು ಹೋದ್ರಲ್ಲ, ಇನ್ನು ಮುಚ್ಚಿಡೋ ಶರತ್ತು ಮುಗೀತು."

ನಾನು ಕಡತವನ್ನು ಮುಟ್ಟಲಿಲ್ಲ. ಕನ್ನಡಕ ಎಲ್ಲಿಟ್ಟೆನೋ ನೋಡುತ್ತೇನೆ ಎಂದು ಎದ್ದೆ. ಕನ್ನಡಕ ಮೂಗಿನ ಮೇಲೇ ಇತ್ತು. ಗುಮಾಸ್ತರು ಅದನ್ನು ಕಂಡೂ ಸುಮ್ಮನಿದ್ದರು. ಒಳ್ಳೆಯ ಮನುಷ್ಯ.

ಕಡತದಲ್ಲಿ ಏನಿತ್ತೆಂದು ಹೇಳುವ ಮೊದಲು ಆ ಮನೆಯ ವಿಷಯ ಹೇಳಬೇಕು.

ಊರಿನವರು ಅದನ್ನು ದೊಡ್ಡಮನೆ ಎನ್ನುತ್ತಿದ್ದರು. ಕಟ್ಟಿಸಿದವನು ನಮ್ಮ ಮುತ್ತಜ್ಜ, ಮರದ ವ್ಯಾಪಾರಿ. ಮನೆಯಲ್ಲಿದ್ದದ್ದು ಐದು ಜನ, ಕಟ್ಟಿಸಿದ್ದು ಇಪ್ಪತ್ತೆರಡು ಕೋಣೆ. ಇಷ್ಟೇಕೆ ಎಂದವರಿಗೆ, "ಕೋಣೆ ಇದ್ದರೆ ಜನ ತಾವೇ ಬರ್ತಾರೆ," ಎನ್ನುತ್ತಿದ್ದನಂತೆ. ಜನ ಬರಲಿಲ್ಲ. ಅಜ್ಜನ ಕಾಲದಲ್ಲಿ ಒಬ್ಬ ಚಿತ್ರಗಾರ ಬಂದ. ಮಾಳಿಗೆಯ ಮೇಲೆ ಉತ್ತರಕ್ಕೆ ದೊಡ್ಡ ಕಿಟಕಿಯಿದ್ದ ಕೋಣೆಯೊಂದಿತ್ತು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಬೆಳಕು ಒಂದೇ ಸಮ ಇರುತ್ತದೆಂದು ಅವನು ಕುಣಿದಾಡಿದ. ಅಜ್ಜ ಅವನಿಗೆ ಆ ಕೋಣೆ ಕೊಟ್ಟ. ಬಾಡಿಗೆ ಬೇಡ, ಹೋಗುವಾಗ ಒಂದು ಚಿತ್ರ ಬಿಟ್ಟು ಹೋಗು ಎಂದ. ಆಮೇಲೆ ಅದೇ ಮನೆಯ ನಿಯಮವಾಯಿತು. ಒಬ್ಬ ಹೋದರೆ ಇನ್ನೊಬ್ಬ ಬರುತ್ತಿದ್ದ. ಅಪ್ಪನ ಕಾಲಕ್ಕೆ ನೂರಕ್ಕೂ ಮಿಕ್ಕಿ ಚಿತ್ರಗಳು ತುಂಬಿ, ಒಂದು ಕ್ಯಾಲೆಂಡರ್ ತೂಗುಹಾಕಲೂ ಗೋಡೆಯಲ್ಲಿ ಜಾಗವಿರಲಿಲ್ಲ. ಕೋಣೆಗಳಿಗೆ ಚಿತ್ರದ ಮೇಲೆಯೇ ಹೆಸರು. ಹಡಗಿನ ಕೋಣೆ, ಮೂರು ಹಸುವಿನ ಕೋಣೆ, ಬೋಳುತಲೆ ಕೋಣೆ. ಮನೆಗೆ ಬಂದ ನೆಂಟರು ಬಚ್ಚಲು ಎಲ್ಲಿ ಎಂದು ಕೇಳಿದರೆ, "ಬೋಳುತಲೆ ದಾಟಿ ಎಡಕ್ಕೆ," ಎನ್ನುತ್ತಿದ್ದೆವು.

ಇಂಥ ಮನೆ ಮ್ಯೂಸಿಯಂ ಆದದ್ದು ಆಶ್ಚರ್ಯವಲ್ಲ. ಆದ ರೀತಿ ಮಾತ್ರ ಹೇಳಿಕೊಳ್ಳುವಂಥದ್ದಲ್ಲ.

ನನಗೆ ಏಳು, ಅಣ್ಣನಿಗೆ ಹತ್ತು ವರ್ಷವಿದ್ದಾಗ ಮೇಲಿನ ಕೋಣೆಗೆ ಬಂದವನನ್ನು ಅಮ್ಮ ನಿಧಾನಪ್ಪ ಎಂದು ಕರೆಯುತ್ತಿದ್ದಳು. ನಮ್ಮ ಕುಟುಂಬದ ಚಿತ್ರ ಬರೆಯಲು ಅವನು ಎಂಟು ತಿಂಗಳು ತೆಗೆದುಕೊಂಡ. ಏಳು ಅಡಿ ಅಗಲದ ಚಿತ್ರ. ಎಡತುದಿಯಲ್ಲಿ ಕುರ್ಚಿಯ ಮೇಲೆ ಅಪ್ಪ, ಬಲತುದಿಯಲ್ಲಿ ಅಜ್ಜಿ. ನಡುವೆ ಅಮ್ಮ ನಿಂತಿದ್ದಾಳೆ. ಅವಳ ಒಂದು ಕಡೆ ಅಣ್ಣ, ಇನ್ನೊಂದು ಕಡೆ ನಾನು. ಅವಳ ಒಂದೊಂದು ಕೈ ನಮ್ಮಿಬ್ಬರ ಹೆಗಲ ಮೇಲೆ. ಹಜಾರದ ಹಿಂಗೋಡೆಯ ನಟ್ಟನಡುವೆ ಅದನ್ನು ತೂಗುಹಾಕಿದರು. ಆಮೇಲೆ ಅಮ್ಮ ಫೋಟೋಕ್ಕೂ ನಿಲ್ಲಲಿಲ್ಲ. "ಎಂಟು ತಿಂಗಳು ನಿಂತಿದ್ದೇ ಈ ಜನ್ಮಕ್ಕೆ ಸಾಕು," ಎನ್ನುತ್ತಿದ್ದಳು. ಅವಳ ಮುಖ ಇದ್ದದ್ದು ಅದೊಂದರಲ್ಲೇ.

ನನಗೆ ನಲವತ್ತಾಗಿದ್ದಾಗ ಅಪ್ಪನಿಗೆ ಒಂದು ಸಂಜೆ ಎದೆ ಹಿಡಿದುಕೊಂಡಿತು. ಡಾಕ್ಟರನ್ನು ಕರೆಸೋಣ ಎಂದು ನಾನೆಂದೆ. ಬೆಳಗಾಗಲಿ, ಅಪ್ಪ ಈಗ ತಾನೇ ಕಣ್ಣುಮುಚ್ಚಿದ್ದಾರೆ, ಎಬ್ಬಿಸುವುದು ಬೇಡ ಎಂದು ಅಣ್ಣ ಹೇಳಿದ. ಬೆಳಗಾಗುವ ಹೊತ್ತಿಗೆ ಅಪ್ಪ ಇರಲಿಲ್ಲ. ಮಾತನಾಡಿಸಲು ಬಂದವರು ಹಜಾರದ ತುಂಬ ಕುಳಿತಿದ್ದಾಗ ನಾನು ಎದ್ದು ನಿಂತು ಅಣ್ಣನಿಗೆ, "ನೀನು ಕೊಂದೆ," ಎಂದೆ.

ಎರಡೇ ಶಬ್ದ. ಅವನು ತಲೆಯೆತ್ತಿ ನನ್ನನ್ನು ನೋಡಿದ. ಅಮ್ಮ ಏನೂ ಹೇಳಲಿಲ್ಲ. ಅವಳಾದರೂ ನನ್ನ ಕೆನ್ನೆಗೆ ಒಂದು ಬಾರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ.

ಮನೆ ಪಾಲಾಯಿತು. ಚಿತ್ರಗಳನ್ನು ಚೀಟಿ ಎತ್ತಿ ಹಂಚಿಕೊಂಡೆವು. ಹಡಗು ಅವನಿಗೆ, ಹಸು ನನಗೆ. ಹಜಾರದ ನಡುವೆ ಮುಂಬಾಗಿಲಿನಿಂದ ಹಿಂಗೋಡೆಯವರೆಗೆ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಎಬ್ಬಿಸುವುದೆಂದಾಯಿತು. ಮೇಸ್ತ್ರಿ ನೂಲು ಹಿಡಿದು ನೋಡಿದ. ನೂಲು ನೇರ ಹೋಗಿ ಚಿತ್ರದ ನಡುವೆ, ಅಮ್ಮನ ಎದೆಯ ಮೇಲೆ ನಿಂತಿತು.

"ಚಿತ್ರ ಇಳಿಸಿ ಯಜಮಾನ್ರೆ," ಎಂದ ಮೇಸ್ತ್ರಿ.

ಇಳಿಸಲು ಇಬ್ಬರೂ ಒಪ್ಪಲಿಲ್ಲ. ಇಳಿಸಿದರೆ ಇನ್ನೊಬ್ಬ ಹೊತ್ತುಕೊಂಡು ಹೋದಾನು ಎಂದು ಇಬ್ಬರಿಗೂ ಅನುಮಾನ. ಅಣ್ಣ ತನ್ನ ಕಡೆಯ ಕಂಬಕ್ಕೆ ಒರಗಿ ನಿಂತ, ನಾನು ನನ್ನ ಕಡೆಯ ಕಂಬಕ್ಕೆ. ಮೇಸ್ತ್ರಿ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದ.

"ಮತ್ತೆ ಏನ್ಮಾಡ್ಲಿ? ನಾನು ಗೋಡೆ ಕಟ್ಟೋನು. ತಾಯಿ ಮೇಲೆ ಗಾರೆ ಮೆತ್ತು ಅಂತ ನಮ್ಮಪ್ಪ ನನಗೆ ಕಲಿಸಿಲ್ಲ."

"ಹಾಗೇ ಕಟ್ಟು," ಎಂದೆವು. ಇಬ್ಬರೂ ಒಟ್ಟಿಗೆ ಎಂದೆವು. ಆ ವರ್ಷ ನಾವಿಬ್ಬರೂ ಒಂದೇ ಬಾಯಲ್ಲಿ ಆಡಿದ ಮಾತು ಅದೊಂದೇ.

ಗೋಡೆ ಎದೆಮಟ್ಟಕ್ಕೆ ಬಂದ ದಿನ ಅಮ್ಮ ಒಳಗಿನಿಂದ ತನ್ನ ಹಳೆಯ ಉಣ್ಣೆಯ ಶಾಲನ್ನು ನಾಲ್ಕು ಮಡಿಕೆ ಮಾಡಿ ತಂದಳು. ಚಿತ್ರದಲ್ಲಿದ್ದ ತನ್ನ ಮುಖದ ಮೇಲೆ ಅದನ್ನು ಹಿಡಿದು, "ಇದನ್ನ ಇಲ್ಲಿಟ್ಟು ಆಮೇಲೆ ಇಟ್ಟಿಗೆ ಇಡಪ್ಪ. ಸುಣ್ಣ ತಾಗದೆ ಇರ್ಲಿ," ಎಂದಳು. ಮೇಸ್ತ್ರಿ ಕರಣೆ ಕೆಳಗಿಟ್ಟು ಕೈಯೊರೆಸಿಕೊಂಡು ಶಾಲು ತೆಗೆದುಕೊಂಡ. ನಮ್ಮಿಬ್ಬರ ಮುಖವನ್ನೂ ನೋಡದೆ ಅಮ್ಮ ಒಳಗೆ ಹೋದಳು.

ಆಮೇಲೆ ನನ್ನ ಹಜಾರದಲ್ಲಿ ಅಜ್ಜಿ ಮತ್ತು ನಾನು ಉಳಿದೆವು. ನನ್ನ ಹೆಗಲ ಮೇಲೆ ಇಟ್ಟಿಗೆಯೊಳಗಿನಿಂದ ಬಂದ ನಾಲ್ಕು ಬೆರಳು. ಅವನ ಹಜಾರದಲ್ಲಿ ಅಪ್ಪ ಮತ್ತು ಅವನು, ಅವನ ಹೆಗಲ ಮೇಲೂ ನಾಲ್ಕು ಬೆರಳು. ಅಮ್ಮ ಒಂದು ತಿಂಗಳು ನನ್ನಲ್ಲಿ, ಒಂದು ತಿಂಗಳು ಅವನಲ್ಲಿ. ತಿಂಗಳ ಮೊದಲ ದಿನ ಗಂಟು ಹಿಡಿದು ನನ್ನ ಬಾಗಿಲಿನಿಂದ ಬೀದಿಗಿಳಿದು ಅವನ ಬಾಗಿಲು ಹತ್ತುತ್ತಿದ್ದಳು. "ವರ್ಷವಿಡೀ ಪ್ರಯಾಣ ನಂದು. ದೂರ ಮಾತ್ರ ಇಪ್ಪತ್ತು ಹೆಜ್ಜೆ," ಎಂದು ಬೀದಿಯವರೊಡನೆ ನಗುತ್ತಿದ್ದಳು. ಆರು ವರ್ಷ ಹೀಗೆ ಓಡಾಡಿ ನನ್ನ ಸರದಿಯ ತಿಂಗಳಲ್ಲಿ ಕಣ್ಣುಮುಚ್ಚಿದಳು. ಅಣ್ಣ ಬಂದು ನನ್ನ ಹೊಸ್ತಿಲ ಹೊರಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತ. ಒಳಗೆ ಬಾ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಅವನೇ ತಲೆತಗ್ಗಿಸಿ ಒಳಗೆ ಬಂದ. ಇಬ್ಬರೂ ಹೆಗಲು ಕೊಟ್ಟೆವು, ಅವನು ಮುಂದೆ, ನಾನು ಹಿಂದೆ. ಅವನ ಬೆನ್ನು ಅಲುಗುತ್ತಿದ್ದುದನ್ನು ದಾರಿಯುದ್ದಕ್ಕೂ ನೋಡುತ್ತ ನಡೆದೆ.

ಇನ್ನು ಮ್ಯೂಸಿಯಂ ಆದ ರೀತಿ. ನನಗೆ ಮಕ್ಕಳಿಲ್ಲ. ಹೆಂಡತಿಯೂ ಹೋದ ಮೇಲೆ, ನಾನು ಸತ್ತರೆ ನನ್ನ ಅರ್ಧ ಮನೆ ಅಣ್ಣನಿಗೆ ಹೋಗುತ್ತದೆ ಎಂಬ ಯೋಚನೆ ಹತ್ತಿತು. ದೇವರ ಮುಂದೆ ಕುಳಿತಾಗಲೂ ಅದೇ. ವಕೀಲರನ್ನು ಕಂಡು ನನ್ನ ಅರ್ಧವನ್ನೂ ನನ್ನ ಪಾಲಿನ ಚಿತ್ರಗಳನ್ನೂ ಊರಿನ ಕಲಾಸಂಸ್ಥೆಗೆ ದಾನವಾಗಿ ಬರೆದುಕೊಟ್ಟೆ. ದಾನ ಎಂದು ಊರೆಲ್ಲ ಹೊಗಳಿತು. ಅದೇ ವಾರ, ಬೇರೆ ವಕೀಲರ ಮೂಲಕ, ಅಣ್ಣನೂ ತನ್ನ ಅರ್ಧವನ್ನು ಅದೇ ಸಂಸ್ಥೆಗೆ ಬರೆದುಕೊಟ್ಟಿದ್ದ. ಅವನ ಕಾರಣವೂ ನನ್ನದೇ ಇರಬೇಕೆಂದು ನಾನು ತಿಳಿದೆ. ಅಣ್ಣ ಮಗಳ ಮನೆಗೆ ಹೋದ, ನಾನು ರಟ್ಟಿನ ಅಂಗಡಿಯ ಮೇಲಕ್ಕೆ ಬಂದೆ.

ಸಂಸ್ಥೆಯವರು ಗೋಡೆ ಒಡೆಯಲು ಮೊದಲ ದಿನವೇ ಕೇಳಿದರು. ಅದಕ್ಕೆ ನನ್ನ ಪತ್ರದಲ್ಲಿ ಎರಡು ಶರತ್ತು ಬರೆಸಿದ್ದೆ. ಇಬ್ಬರೂ ಸಹಿ ಹಾಕಿದರೆ ಮಾತ್ರ ಗೋಡೆ ಮುಟ್ಟಬೇಕು. ಮತ್ತು ಒಬ್ಬನ ಉತ್ತರವನ್ನು, ಅವನು ಬದುಕಿರುವವರೆಗೆ, ಇನ್ನೊಬ್ಬನಿಗೆ ಹೇಳಬಾರದು. ನಾನು ಮೊದಲು ಸೋತೆನೆಂದು ಅವನಿಗೆ ಗೊತ್ತಾಗಬಾರದೆಂದು ಎರಡನೆಯದು.

ಹೀಗಾಗಿ ಬಂದವರು ಅರ್ಧ ಮ್ಯೂಸಿಯಂ ನೋಡಿ, ಬೀದಿಗಿಳಿದು, ಇನ್ನೊಂದು ಬಾಗಿಲಲ್ಲಿ ಅದೇ ಟಿಕೆಟ್ ತೋರಿಸಿ ಉಳಿದರ್ಧ ನೋಡುತ್ತಿದ್ದರು. "ಅಪ್ಪನ ದರ್ಶನ ಆ ಕಡೆ, ಅಜ್ಜಿ ದರ್ಶನ ಈ ಕಡೆ. ಅಮ್ಮನ ದರ್ಶನ ಇಟ್ಟಿಗೆಗೆ ಮಾತ್ರ," ಎಂದು ಕಾವಲುಗಾರ ನಗಿಸುತ್ತಿದ್ದನಂತೆ. ವರ್ಷಕ್ಕೊಮ್ಮೆ ಗುಮಾಸ್ತರು ಬಂದಾಗ ನಾನು ಕೇಳುತ್ತಿದ್ದೆ.

"ಅವನು ಹಾಕಿದ್ದಾನಾ?"

"ಹೇಳೋ ಹಾಗಿಲ್ಲ ಯಜಮಾನ್ರೆ. ನೀವೇ ಹಾಕಿಸಿದ ಬೀಗ."

"ಹಾಗಾದರೆ ಮುಂದಿನ ವರ್ಷ ಬನ್ನಿ."

ವಯಸ್ಸಾದಂತೆ ಅಮ್ಮನ ಮುಖ ನನ್ನ ನೆನಪಿನಿಂದ ಜಾರತೊಡಗಿತು. ಮೊದಲು ಹುಬ್ಬು ಹೋಯಿತು, ಆಮೇಲೆ ತುಟಿ. ಬೆಳಗಿನ ಪ್ರಾರ್ಥನೆಯಲ್ಲಿ ಕಣ್ಣುಮುಚ್ಚಿದರೆ ಶಾಲು ಹಿಡಿದು ನಿಂತ ಹೆಂಗಸೊಬ್ಬಳು ಕಾಣುತ್ತಿದ್ದಳು, ಮುಖವಿರಲಿಲ್ಲ. ಸಾಯುವ ಮೊದಲು ಒಮ್ಮೆ ಅದನ್ನು ನೋಡಬೇಕು ಎಂಬುದೊಂದೇ ಆಸೆ ಉಳಿದಿತ್ತು. ಆದರೂ ಸಹಿ ಹಾಕಲಿಲ್ಲ. ಅವನು ಮೊದಲು ಹಾಕಲಿ ಎಂದು ಕಾದೆ.

ಈಗ ಗುಮಾಸ್ತರು ಕಡತ ಬಿಚ್ಚಿ ನನ್ನ ಮುಂದೆ ತಿರುಗಿಸಿದರು. ಕಾಗದದ ಕೆಳಗೆ ಎಡಗಡೆ ಅಣ್ಣನ ಸಹಿ. ಸ್ಕೂಲಿನಲ್ಲಿ ಕಲಿತ ದುಂಡಗಿನ ಅಕ್ಷರ ಅವನು ಕೊನೆಯವರೆಗೂ ಬಿಟ್ಟಿರಲಿಲ್ಲ. ತಾರೀಕು ನೋಡಿದೆ. ಒಂಬತ್ತು ವರ್ಷದ ಹಿಂದಿನದು. ಮೊದಲ ವರ್ಷ, ಮೊದಲ ಸಲ ಕೇಳಿದಾಗಲೇ ಹಾಕಿದ್ದ. ಅದರ ಕೆಳಗೆ ಒಂದು ಸಾಲು ಬರೆದಿದ್ದ: "ನನ್ನ ತಮ್ಮನನ್ನು ಅವಸರಪಡಿಸಬೇಡಿ."

ಕೆಳಗೆ ಅಂಗಡಿಯವನು ರಟ್ಟು ಕತ್ತರಿಸುತ್ತಿದ್ದ ಸದ್ದು ಕೇಳುತ್ತಿತ್ತು. 

"ಪ್ರತಿವರ್ಷ ನಿಮ್ಮ ಹತ್ರ ಬಂದು ಹೋದ ಮೇಲೆ ನನಗೆ ಊಟ ಸೇರ್ತಿರ್ಲಿಲ್ಲ," ಎಂದರು ಗುಮಾಸ್ತರು. "ಹೇಳಿಬಿಡೋಣ ಅಂತ ಎಷ್ಟು ಸಲ ಬಾಯಿಗೆ ಬಂತು. ಆದ್ರೆ ನೀವು ವಕೀಲರ ಹತ್ರ ಬರೆಸಿದ್ದು. ನಾನು ಸಂಬಳಕ್ಕಿರೋನು."

"ಅವನೂ ಕೇಳ್ತಿದ್ದನಾ, ನಾನು ಹಾಕಿದೆನಾ ಅಂತ?"

"ಇಲ್ಲ ಯಜಮಾನ್ರೆ. ತಮ್ಮ ಆರೋಗ್ಯವಾಗಿದ್ದಾನಾ ಅಂತ ಕೇಳೋರು. ಅದು ಹೇಳೋಕೆ ಶರತ್ತು ಅಡ್ಡ ಬರ್ತಿರ್ಲಿಲ್ಲ. ಮೆಟ್ಟಿಲು ಹತ್ತಿ ಇಳೀತಾರೆ, ಹಲ್ಲೂ ಗಟ್ಟಿ ಇವೆ, ಹಟಾನೂ ಗಟ್ಟಿ ಇದೆ ಅಂತಿದ್ದೆ. ನಗೋರು."

ಬಲಗಡೆ ನನ್ನ ಸಹಿ ಹಾಕಿದೆ. ಅಕ್ಷರ ಗೆರೆ ದಾಟಿತು.

ಮ್ಯೂಸಿಯಂನ ವಾರದ ರಜೆಯ ದಿನ ಬೆಳಿಗ್ಗೆ ಗೋಡೆ ಬಿಚ್ಚುವುದೆಂದಾಯಿತು. ಬಿಚ್ಚಲು ಬಂದವನು ಆ ಹಳೆಯ ಮೇಸ್ತ್ರಿಯ ಮಗ. ಚಿತ್ರ ದುರಸ್ತಿ ಮಾಡುವ ಹೆಣ್ಣುಮಗಳೊಬ್ಬಳು ಹತ್ತಿಯ ಉಂಡೆ, ಕುಂಚ, ತೆಳ್ಳನೆಯ ಅಲಗುಗಳನ್ನು ಬಟ್ಟೆಯ ಮೇಲೆ ಸಾಲಾಗಿಟ್ಟುಕೊಂಡಿದ್ದಳು. ಗುಮಾಸ್ತರು ನನಗೊಂದು ಕುರ್ಚಿ ಹಾಕಿದರು. ಆಚೆ ಕಡೆಯಿಂದಲೂ ಯಾರೋ ಕೆಮ್ಮಿದ ಸದ್ದಾಯಿತು.

"ಅದು ಯಾರು?" ಎಂದೆ.

"ಹಿರೀ ಯಜಮಾನ್ರ ಮಗಳು. ನಾನೇ ಹೇಳಿ ಕಳಿಸಿದ್ದೆ."

ಅವಳು ಹುಟ್ಟಿದ್ದು ಗೋಡೆ ಎದ್ದ ಮರುವರ್ಷ. ಸ್ಕೂಲಿನಲ್ಲಿ ಟೀಚರ್ ಎಂದು ಕೇಳಿದ್ದೆ. ಅವಳೊಡನೆ ನಾನು ಒಂದು ದಿನವೂ ಮಾತಾಡಿದವನಲ್ಲ. ಅಣ್ಣನ ಶವದ ಬಳಿಯೂ ಆಡಲಿಲ್ಲ. ಗುಂಪಿನ ಹಿಂದೆ ನಿಂತಿದ್ದು ಹಾಗೇ ಹಿಂತಿರುಗಿದ್ದೆ.

ಮೇಸ್ತ್ರಿಯ ಮಗ ಮೇಲಿನ ವರಸೆಯಿಂದ ಒಂದೊಂದೇ ಇಟ್ಟಿಗೆ ಬಿಡಿಸುತ್ತ ಬಂದ. ಸುತ್ತಿಗೆ ಮೆಲ್ಲಗೆ, ಉಳಿ ಓರೆಯಾಗಿ. "ಬೇರೆಯವರು ಕಟ್ಟಿದ್ದಾಗಿದ್ರೆ ಅರ್ಧ ಗಂಟೆ ಕೆಲಸ. ನಮ್ಮಪ್ಪಂದು. ಬಿಡು ಅಂದ್ರೆ ಬಿಡಲ್ಲ," ಎಂದು ಗೊಣಗಿದ. ಆ ಮಾತಿನಲ್ಲಿ ಹೆಮ್ಮೆಯೂ ಇತ್ತು.

ಚಿತ್ರದ ಹತ್ತಿರ ಬಂದಾಗ ಆ ಹೆಣ್ಣುಮಗಳು ಅವನನ್ನು ನಿಲ್ಲಿಸಿ ತಾನೇ ಕೈಹಾಕಿದಳು. ಕೊನೆಯ ಇಟ್ಟಿಗೆಗಳನ್ನು ಹಸುಗೂಸನ್ನು ತೊಟ್ಟಿಲಿಂದ ಎತ್ತುವ ಹಾಗೆ ಎತ್ತಿದಳು. ಚಿತ್ರ ಅಮ್ಮನ ಪಾದದವರೆಗೂ ಬಯಲಾಯಿತು. ಉಡುಪಿನ ನೀಲಿ ಕಂಡಿತು. ಮೈಮೇಲೆ ಅಲ್ಲಲ್ಲಿ ಗಾರೆಯ ಬಿಳಿಗೆರೆ ಬಿದ್ದಿದ್ದರೂ ಬಣ್ಣ ಗಟ್ಟಿಯಾಗಿತ್ತು. ಎರಡು ಕೈಗಳು ಎರಡು ಕಡೆ ಚಾಚಿದ್ದವು, ಬೆರಳುಗಳಿಗೆ ಮೂವತ್ತೆಂಟು ವರ್ಷದ ನಂತರ ಮೊಣಕೈ ಕೂಡಿತು. ನಾನು ಕುರ್ಚಿಯಿಂದೆದ್ದೆ.

ಮುಖದ ಮೇಲೆ ಶಾಲು ಇತ್ತು. ಕಪ್ಪಾಗಿ, ಒದ್ದೆಯ ಎಲೆಗಳ ರಾಶಿಯಂತೆ ಅಂಟಿಕೊಂಡಿತ್ತು. ದುರಸ್ತಿಯವಳು ಅಲಗು ತೂರಿಸಿ, ಹತ್ತಿಯಲ್ಲಿ ಏನೋ ಒತ್ತಿ, ಕಾಲು ಇಂಚು, ಕಾಲು ಇಂಚು ಎಂದು ಬಿಡಿಸಿದಳು. ಮಧ್ಯಾಹ್ನವಾಯಿತು. ನಾನು ಮನಸ್ಸಿನಲ್ಲೇ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದೆ. ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಶಾಲು ಪೂರ್ತಿ ಬಿಟ್ಟಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಕೂದಲಿನ ಅಂಚು ಇತ್ತು. ಕೊರಳಿನ ತುಂಡೊಂದು ಇತ್ತು. ನಡುವೆ ಬರೀ ಬಟ್ಟೆ, ಬೂದು ಬಣ್ಣದ ಬರೀ ಬಟ್ಟೆ.

"ಸುಣ್ಣ ನೇರವಾಗಿ ತಾಗಿದ ಕಡೆಯೆಲ್ಲ ಉಳಿದಿದೆ ತಾತ," ಎಂದಳು ಕೊನೆಗೆ. "ಉಣ್ಣೆ ತೇವ ಹಿಡಿದಿಟ್ಕೊಂಡಿದೆ. ಬೂಷ್ಟು ಬಂದು ಬಣ್ಣವೆಲ್ಲ ಶಾಲಿಗೆ ಹೋಗಿದೆ. ಯಾರಿಟ್ಟರೋ, ಕಾಪಾಡೋಕೆ ಅಂತಾನೇ ಇಟ್ಟಿದ್ದಾರೆ, ಆದರೆ..."

"ಅಮ್ಮ ಇಟ್ಟಿದ್ದು," ಎಂದೆ.

ಅವಳು ಶಾಲನ್ನು ತಿರುಗಿಸಿ ತೋರಿಸಿದಳು. ಕಪ್ಪಿನ ನಡುವೆ ಮೈಬಣ್ಣದ ಪುಡಿ ಅಂಟಿತ್ತು. ಅದರಲ್ಲಿ ಕಣ್ಣು ಯಾವುದು, ತುಟಿ ಯಾವುದು ಎಂದು ಹೇಳುವಂತಿರಲಿಲ್ಲ. ನಾನು ಮತ್ತೆ ಕುಳಿತೆ. ಅಳು ಬರಲಿಲ್ಲ. ದಣಿವಾಯಿತು ಅಷ್ಟೆ. ಒಂಬತ್ತು ವರ್ಷ ಮೊದಲೇ ಬಿಚ್ಚಿದ್ದರೆ ಒಂದಿಷ್ಟು ಉಳಿದಿರುತ್ತಿತ್ತೇ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಆ ಹುಡುಗಿ ಸುಳ್ಳು ಹೇಳಬೇಕಾಗುತ್ತಿತ್ತು.

ಗೋಡೆಯ ಸಂದಿಯಿಂದ ಅಣ್ಣನ ಮಗಳು ಈ ಕಡೆ ಬಂದಳು. ಅಣ್ಣನದೇ ಅಗಲವಾದ ಹಣೆ. ಬರಿದಾದ ಜಾಗವನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ತಿರುಗಿದಳು.

"ಚಿಕ್ಕಪ್ಪ ಅಂತ ಕರೀಬಹುದಾ? ಇಲ್ಲ, ಅದಕ್ಕೂ ಇಬ್ಬರ ಸಹಿ ಬೇಕಾ?"

ಗುಮಾಸ್ತರು ನಗಲು ಹೋಗಿ ಕೆಮ್ಮಿದರು. "ಕರಿ ಮಗಳೇ," ಎಂದೆ.

ದುರಸ್ತಿಯ ಹೆಣ್ಣುಮಗಳು ಹಾಳೆ, ಪೆನ್ಸಿಲ್ ತೆಗೆದುಕೊಂಡಳು. "ಹೋದ ಮುಖವನ್ನ ನಾವು ಊಹಿಸಿ ಬರೆಯಲ್ಲ. ಆ ಜಾಗವನ್ನ ಸಾದಾ ಬಣ್ಣದಲ್ಲಿ ತುಂಬಿ ಬಿಡ್ತೀವಿ. ಅಲ್ಲಿ ಏನಿತ್ತು ಅಂತ ಪಕ್ಕದ ಫಲಕದಲ್ಲಿ ಬರೀತೀವಿ. ಫಲಕಕ್ಕೆ ಚಿಂತೆಯಿಲ್ಲ ಬಿಡಿ. ಎರಡೂ ಕಡೆ ಆಗಲೇ ಇದೆಯಲ್ಲ, ಒಂದೇ ಮಾತು. ಅದನ್ನೇ ಇಡೋಣ."

ನನ್ನ ಕಡೆಯ ಫಲಕದಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ನಾನೇ ಹೇಳಿ ಬರೆಸಿದ್ದು: "ನಡುವೆ ನಿಂತ ತಾಯಿ ಕಿರಿಯ ಮಗನ ಕಡೆ ನೋಡುತ್ತಿದ್ದಾಳೆ." ಅಣ್ಣ ತನ್ನ ಕಡೆಗೆ ಬೇರೆಯೇ ಬರೆಸಿರುತ್ತಾನೆ, ಜನ ಯಾರನ್ನು ನಂಬುತ್ತಾರೋ ನಂಬಲಿ ಎಂದು ಹಟದಿಂದ ಬರೆಸಿದ್ದೆ. ಅವನ ಅರ್ಧದೊಳಕ್ಕೆ ನಾನು ಕಾಲಿಟ್ಟವನಲ್ಲ. "ಒಂದೇ ಮಾತೇ?" ಎಂದೆ.

"ಬನ್ನಿ, ನೋಡಿ," ಎಂದಳು ಅಣ್ಣನ ಮಗಳು. ಅವಳು ಕೈಕೊಟ್ಟಳು. ಉಳಿದಿದ್ದ ನಾಲ್ಕು ವರಸೆ ಇಟ್ಟಿಗೆ ದಾಟಿ ಮೂವತ್ತೆಂಟು ವರ್ಷದ ನಂತರ ಅಣ್ಣನ ಹಜಾರಕ್ಕೆ ಹೋದೆ. ಚಿತ್ರದಲ್ಲಿ ಅಪ್ಪನ ಮೊಣಕಾಲ ಪಕ್ಕ ಹತ್ತು ವರ್ಷದ ಅಣ್ಣ ನಿಂತಿದ್ದ. ಕೆಳಗೆ ಹಿತ್ತಾಳೆಯ ಫಲಕ. ಓದಿದೆ. ಅಲ್ಲಿಯೂ ಅಮ್ಮ ಕಿರಿಯ ಮಗನ ಕಡೆಗೇ ನೋಡುತ್ತಿದ್ದಳು.

"ಅಪ್ಪ ಯಾವಾಗ್ಲೂ ಹಾಗೇ ಹೇಳೋರು," ಎಂದಳು ಅವಳು. "ಅಜ್ಜಿಗೆ ಚಿಕ್ಕಮಗ ಅಂದ್ರೆ ಪ್ರಾಣ, ಚಿತ್ರದಲ್ಲೂ ಅವನನ್ನೇ ನೋಡ್ತಾಳೆ ಅಂತ. ನನಗೆ ನಿಮ್ಮ ಮೇಲೆ ಎಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ? ಕಾಣದ ಚಿಕ್ಕಪ್ಪನ ಮೇಲೆ!"

ದುರಸ್ತಿಯವಳು ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು. ಇಬ್ಬರು ಅಣ್ಣತಮ್ಮಂದಿರು ಬೇರೆಬೇರೆ ಹೇಳಿದ ಮಾತು ಒಂದೇ ಆಗಿದೆ. ಇನ್ನು ಸುಮ್ಮನಿದ್ದರೆ ಸಾಕಿತ್ತು. ಬೇರೆ ಹೇಳಲು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ಆದರೆ ಬೆಳಿಗ್ಗೆಯಷ್ಟೇ ನಾನು ದೇವರಲ್ಲಿ, ಅಮ್ಮನ ಮುಖ ತೋರಿಸು ಎಂದು ಬೇಡಿಕೊಂಡು ಬಂದಿದ್ದೆ. ಆ ಬಾಯನ್ನು ಮುಚ್ಚಿಕೊಂಡು ಹೇಗಿರಲಿ?

"ಅದು ಸುಳ್ಳು," ಎಂದೆ. "ನಾನು ಬರೆಸಿದ್ದು ಸುಳ್ಳು. ಅಮ್ಮ ನೋಡುತ್ತಿದ್ದದ್ದು ಅಣ್ಣನ ಕಡೆ."

ಮೇಸ್ತ್ರಿಯ ಮಗ ಸುತ್ತಿಗೆ ಕೆಳಗಿಟ್ಟ.

"ಚಿತ್ರಕ್ಕೆ ನಿಂತಿದ್ದಾಗ ಒಂದು ದಿನ ಅಣ್ಣನಿಗೆ ಜ್ವರ ಬಂದಿತ್ತು. ತಾನು ಮಲಗಿದರೆ ಚಿತ್ರ ಇನ್ನೂ ತಡವಾಗುತ್ತದೆ, ಅಮ್ಮನಿಗೆ ಕಾಲುನೋವು ಎಂದು ಅವನು ಯಾರಿಗೂ ಹೇಳಲಿಲ್ಲ. ಹಲ್ಲು ಕಚ್ಚಿ ನಿಂತಿದ್ದ. ಅವನ ಹೆಗಲ ಮೇಲಿದ್ದ ಅಮ್ಮನ ಕೈಗೆ ಬಿಸಿ ಗೊತ್ತಾಯಿತು. ತಟ್ಟನೆ ಅವನ ಕಡೆ ತಿರುಗಿದಳು. ನಿಧಾನಪ್ಪ, 'ಅಮ್ಮಾ, ಹಾಗೇ ಇರಿ, ಅಲುಗಬೇಡಿ,' ಎಂದ. ಎಂಟು ತಿಂಗಳಲ್ಲಿ ಅವನು ಅವಸರ ಮಾಡಿದ್ದು ಅವತ್ತೊಂದೇ ದಿನ. ಆ ನೋಟವನ್ನೇ ಬರೆದ. ನಾನು ಇನ್ನೊಂದು ಕಡೆಯಿಂದ ನೋಡುತ್ತಿದ್ದೆ. ನನಗೆ ಅವಳ ಕೆನ್ನೆ ಮಾತ್ರ ಕಾಣುತ್ತಿತ್ತು."

ಹೇಳುತ್ತಿದ್ದಂತೆ ಆ ಕೆನ್ನೆ ನನಗೆ ಕಂಡಿತು. ಕಿವಿಯ ಹಿಂದೆ ಸರಿದ ಕೂದಲು, ಗಾಬರಿಗೆ ತುಸು ತೆರೆದ ತುಟಿಯ ಅಂಚು. ಅಷ್ಟೇ ಕಂಡಿತು. ಅಷ್ಟೇ ನನ್ನ ಪಾಲಿನದು.

"ಮತ್ತೆ ಅಪ್ಪ ಯಾಕೆ ಹಾಗೆ ಹೇಳಿದ್ರು?" ಎಂದಳು ಅಣ್ಣನ ಮಗಳು. ಟೀಚರಿನ ದನಿ ಸಣ್ಣದಾಗಿತ್ತು.

"ಗೊತ್ತಿಲ್ಲ ಮಗಳೇ. ಮರೆತಿದ್ದನೋ, ನನಗೆ ಬಿಟ್ಟುಕೊಟ್ಟಿದ್ದನೋ. ನಾನು ಅವನಿಗೆ ಒಂದು ಮಾತು ಅಂದಿದ್ದೆ. ಅದಾದ ಮೇಲೆ ಅವನು ನನ್ನಿಂದ ಏನನ್ನೂ ಕೇಳಲಿಲ್ಲ."

"ಆ ಮಾತು ಗೊತ್ತು," ಎಂದಳು. "ಹೇಳಿದ್ರು. ಚಿಕ್ಕವನು, ಅಪ್ಪ ಹೋದ ಸಂಕಟದಲ್ಲಿ ಅಂದ, ಅಂತಾನೂ ಹೇಳಿದ್ರು."

ನನಗಾಗ ನಲವತ್ತು ವರ್ಷ. ಅವನ ಲೆಕ್ಕದಲ್ಲಿ ಚಿಕ್ಕವನು.

ದುರಸ್ತಿಯವಳು ಹಾಳೆಯಲ್ಲಿ ಬರೆದಿದ್ದ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆದಳು. "ಜ್ವರದ ವಿಷಯ ಸೇರಿಸ್ಲಾ ತಾತ?"

"ಸೇರಿಸು. ಯಾರಿಗೂ ಹೇಳದೆ ನಿಂತಿದ್ದ ಅಂತಲೂ ಸೇರಿಸು."

ಹೊರಡಲು ತಿರುಗಿದೆ. ಅಣ್ಣನ ಮಗಳು ನನ್ನ ಹೆಗಲು ಹಿಡಿದಳು. ಗುಮಾಸ್ತರು ಹಸಿರು ಕಡತವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಯಜಮಾನ್ರೆ, ಬಾಗಿಲು ತೆಗೆಸ್ಲಾ? ನಿಮ್ಮ ಕಡೇದೋ, ಹಿರಿಯವರ ಕಡೇದೋ?" ಎಂದರು.

"ಹತ್ತಿರ ಇರೋದು ಯಾವುದೋ ಅದನ್ನ ತೆಗೆಸಿ," ಎಂದೆ. "ಸಾಕಾಗಿದೆ."